ಅಡ್ಡಕ್ಕೆ ಆಡಿದ ತಲೆಗಳು

ಮನೆಯೊಡತಿ ಡೊನ್ನಾ ಅಸುಂತಾ ಪ್ರೀತಿಯಿಂದ ತಂದ ಕಾಫಿ ಬೆಳಿಗ್ಗೆ ಬೆಳಿಗ್ಗೆಯೇ ಅಸೆನ್‌ನ ಫೋನಿನ ಮೇಲೆ ಚೆಲ್ಲಿತು. ಒರೆಸಿ ನೋಡಿದರೆ ಅತ್ತಲವರ ಮುಖ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಇತ್ತಲ ಮಾತು ಮಾತ್ರ ಹೋಗುತ್ತಿರಲಿಲ್ಲ. ಫೋನು ಹಳೆಯ ಗಂಡನ ಹಾಗೆ ಬಾಯಿ ಮುಚ್ಚಿಕೊಂಡಿತ್ತು.

ಅದೂ ಇವತ್ತೇ! ಬಲ್ಗೇರಿಯಾದ ಪತ್ರಿಕೆಯೊಂದಕ್ಕೆ ಇಟಲಿಯ ನೇಪಲ್ಸಿನಿಂದ ಸುದ್ದಿ ಕಳಿಸುತ್ತ ಅಸೆನ್ ಒಂಬತ್ತು ವರ್ಷ ಕಳೆದಿದ್ದ. ಈ ಗಲ್ಲಿ, ಈ ಗಲಾಟೆ, ಚಿರೋನ ಕಾಫಿ ಅಂಗಡಿ ಬಿಟ್ಟು ತನ್ನ ದೇಶದ ರಾಜಧಾನಿ ಸೋಫಿಯಾದ ಕಚೇರಿಗೆ ಹೋಗುವುದೆಂದರೆ ಅವನಿಗೆ ಜೀವವೇ ಹೋದಂತೆ. ಸಂಪಾದಕಿ ರದ್ಕಾಳಿಗೋ, ಇವನು ಮನೆಯಲ್ಲೇ ಕೂತು ಅಲ್ಲಿನ ಪೇಪರು ನೋಡಿ ಬರೆಯುತ್ತಾನೆಂಬ ಗುಮಾನಿ. ಮಧ್ಯಾಹ್ನ ವಿಡಿಯೋದಲ್ಲಿ ಗಲ್ಲಿಯವರನ್ನೇ ಕೇಳಿ, ನಿನ್ನನ್ನು ವಾಪಸು ಕರೆಸಬೇಕೋ ಬೇಡವೋ ತೀರ್ಮಾನ ಮಾಡುತ್ತೇನೆ ಎಂದಿದ್ದಳು. ಬೇರೆ ಫೋನು ತರೋಣವೆಂದರೆ ಚಿರೋನದು ಗುಂಡಿ ಒತ್ತುವ ಹಳೇದು, ಅಸುಂತಾಳದು ಗೋಡೆಗೆ ನೇತುಹಾಕಿದ್ದು.

“ಮಾತು ಹೋಗದಿದ್ರೇನಂತೆ ಮಾರಾಯ? ನಾವು ತಲೆ ಆಡಿಸ್ತೀವಿ,” ಎಂದ ಚಿರೋ.

“ಅಯ್ಯೋ, ಹಾಗೆ ಆಡಿಸಿ ನನ್ನ ಮುಳುಗಿಸಿಬಿಟ್ಟೀಯ! ನಮ್ಮೂರಲ್ಲಿ ಹೌದು ಅನ್ನೋಕೆ ತಲೆ ಅಡ್ಡಕ್ಕೆ ಆಡಿಸ್ಬೇಕು. ಮೇಲೆ ಕೆಳಗೆ ಆಡಿಸಿದ್ರೆ ಇಲ್ಲ ಅಂತ.”

“ಅದಕ್ಕೇ ನಿನಗಿನ್ನೂ ಹೆಣ್ಣು ಸಿಕ್ಕಿಲ್ಲ ನೋಡು ಮಗನೇ,” ಎಂದಳು ಅಸುಂತಾ.

ಮೈಕು ಕೆಟ್ಟಿದೆ, ಉತ್ತರ ತಲೆಯಲ್ಲೇ ಎಂದು ಅಸೆನ್ ರದ್ಕಾಳಿಗೆ ಸಂದೇಶ ಕಳಿಸಿದ. ಅಂಗಡಿಯಲ್ಲಿ ತಾಲೀಮು ಶುರುವಾಯಿತು. ಅಸುಂತಾಳ ಕುತ್ತಿಗೆ ಉಳುಕಿತು, ಆದರೂ ಬಿಡಲಿಲ್ಲ. ಇನ್ನೊಂದು ಕಾಫಿ ಬೇಕೆನ್ನುವವರೂ ಅಡ್ಡಕ್ಕೇ ತಲೆಯಾಡಿಸುವಷ್ಟು ಪಳಗಿಬಿಟ್ಟರು.

ಮಧ್ಯಾಹ್ನ ಪರದೆಯ ಮೇಲೆ ರದ್ಕಾ ಬಂದಳು. “ಇವನು ಗಲ್ಲಿ ಸುತ್ತಿ, ನಿಮ್ಮನ್ನೆಲ್ಲ ಮಾತಾಡಿಸಿ ಸುದ್ದಿ ಬರೀತಾನಾ?”

ಅಸೆನ್ ಅದನ್ನು ಇಟಲಿಯ ಭಾಷೆಯಲ್ಲಿ ಹೇಳಿದ್ದೇ ತಡ, ಇಡೀ ಅಂಗಡಿಯ ತಲೆಗಳು ಒಟ್ಟಿಗೆ ಅಡ್ಡಕ್ಕೆ ಆಡಿದವು. ಅವನಿಗೆ ಕಣ್ಣು ತುಂಬಿ ಬಂತು.

“ಛೆ, ಒಬ್ರೂ ಹೌದು ಅನ್ನಲಿಲ್ವಲ್ಲಯ್ಯ!” ಎಂದಳು ರದ್ಕಾ. “ಇಟಲಿಯವರು ನಮ್ಮ ಹಾಗಲ್ಲ, ಅಡ್ಡಕ್ಕೆ ಆಡಿಸಿದ್ರೆ ಇಲ್ಲ ಅಂತ. ಎಲ್ಲಾ ಓದಿಕೊಂಡೇ ಕೂತಿದೀನಿ. ಇಗೋ, ಸಹಿ ಹಾಕ್ದೆ. ಗಂಟುಮೂಟೆ ಕಟ್ಟು, ಸೋಮವಾರ ಸೋಫಿಯಾದಲ್ಲಿರಬೇಕು.”

ಅಸೆನ್ ಗಂಟಲು ಹರಿಯುವಂತೆ ಕೂಗಿಕೊಂಡ. ಅತ್ತ ಏನೂ ಮುಟ್ಟಲಿಲ್ಲ. ಸಂದೇಶ ಬರೆಯಹೋಗುವಷ್ಟರಲ್ಲಿ ರದ್ಕಾ ಮಾಯವಾದಳು.

“ಉಳೀತಾ ಮಗನೇ, ಕೆಲಸ?” ಎಂದು ಅಸುಂತಾ ಕೇಳಿದಳು.

ಅಸೆನ್ ಫೋನು ಕೆಳಗಿಟ್ಟ. ಒಂಬತ್ತು ವರ್ಷದ ಅಭ್ಯಾಸ. ಇಲ್ಲಿಯವರ ಹಾಗೆಯೇ ಇಲ್ಲವೆಂದು ತಲೆಯನ್ನು ಅಡ್ಡಕ್ಕೆ ಆಡಿಸಿದ.

“ಹೌದಂತೆ ಕಣ್ರೋ!” ಎಂದು ಅಸುಂತಾ ಚಪ್ಪಾಳೆ ತಟ್ಟಿದಳು.

“ಹಾಗಾದ್ರೆ ಇವತ್ತು ಎಲ್ರಿಗೂ ಕಾಫಿ ಕೊಡಿಸೋದು ನೀನೇ ತಾನೇ?” ಎಂದು ಚಿರೋ ಕೂಗಿದ.

ಇಲ್ಲ ಇಲ್ಲವೆಂದು ಅಸೆನ್ ಇನ್ನೂ ಜೋರಾಗಿ ತಲೆಯಾಡಿಸಿದ, ಅಡ್ಡಕ್ಕೆ.