ಗುರುಸಿದ್ದಯ್ಯನವರ ಹಡಗಿನ ಅನುಭವ

ಹಾಲಿನ ಬೂತಿನ ಮುಂದೆ ಆ ಒಂದು ಮಾತು ಬಾಯಿಂದ ಜಾರದೆ ಇದ್ದಿದ್ದರೆ, ಗುರುಸಿದ್ದಯ್ಯನವರು ಆ ದಿನವನ್ನು ಎಂದಿನಂತೆ ಪೇಪರ್ ಓದಿ, ಎರಡು ಸಲ ಕಾಫಿ ಕುಡಿದು, ಮಧ್ಯಾಹ್ನ ನಿದ್ದೆ ಮಾಡಿ ಕಳೆಯಬಹುದಿತ್ತು.

ಹಾಲಿನ ಪ್ಯಾಕೆಟ್ ಹಿಡಿದು ಮನೆಯತ್ತ ತಿರುಗುವಷ್ಟರಲ್ಲಿ ಮಹದೇವು ಎದುರಾದರು. ಕುವೆಂಪುನಗರದ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರೆಲ್ಲ ಸೇರಿ ಒಂದು ಗೆಳೆಯರ ಬಳಗ ಕಟ್ಟಿಕೊಂಡಿದ್ದರು. ಅದಕ್ಕೆ ಮಹದೇವು ಅಧ್ಯಕ್ಷರು.

"ಓಹೋ, ಯಾವಾಗಯ್ಯಾ ಬಂದೆ? ಎಂಗಿತ್ತು ಹಡಗು? ತಲೆ ತಿರುಗುತ್ತೆ, ವಾಂತಿ ಆಗುತ್ತೆ ಅಂತಾರಲ್ಲ, ನಿಜವಾ?"

ನಿಜ. ಅದಕ್ಕಿಂತ ದೊಡ್ಡ ನಿಜ ಗುರುಸಿದ್ದಯ್ಯನವರ ಬಾಳಿನಲ್ಲಿ ಇನ್ನೊಂದಿರಲಿಲ್ಲ. ಮುಂಬೈನಲ್ಲಿರುವ ಮಗಳು ಧರಣಿ, ಅಪ್ಪ ಅಮ್ಮ ಒಮ್ಮೆ ಸಮುದ್ರ ನೋಡಲಿ ಎಂದು ಲಕ್ಷದ್ವೀಪಕ್ಕೆ ಹೋಗಿಬರುವ ದೊಡ್ಡ ಹಡಗಿನಲ್ಲಿ ಟಿಕೆಟ್ ಮಾಡಿಸಿದ್ದಳು. ಮುಂಬೈಯ ದಡ ಇನ್ನೂ ಕಾಣುತ್ತಿದ್ದಾಗಲೇ ಕ್ಯಾಬಿನ್ನಿನ ಹಾಸಿಗೆ ಸೇರಿದ ಗುರುಸಿದ್ದಯ್ಯ, ಹಡಗು ತಿರುಗಿ ಮುಂಬೈಗೆ ಬಂದಮೇಲೇ ಎದ್ದದ್ದು. ನಡುವೆ ಅವರು ಕಂಡದ್ದು ಕ್ಯಾಬಿನ್ನಿನ ಸೂರು ಮತ್ತು ಬಚ್ಚಲಿನ ಬಾಗಿಲು. ಹಡಗನ್ನು ಮೇಲಿನಿಂದ ಕೆಳಗಿನವರೆಗೆ ಸುತ್ತಿ, ದ್ವೀಪಕ್ಕೂ ಇಳಿದು ಬಂದವರು ಹೆಂಡತಿ ಪ್ರೇಮಲೀಲಾ.

ಆದರೆ ಅದನ್ನು ಮಹದೇವುಗೆ ಹೇಳುವುದಾದರೂ ಹೇಗೆ? ಗುರುಸಿದ್ದಯ್ಯ ಕಂಡಕ್ಟರ್ ಆಗಿ ಸೇರಿ, ಬಸ್ ಡಿಪೋದ ಮೇಲ್ವಿಚಾರಕರಾಗಿ ನಿವೃತ್ತರಾದವರು. ಮಡಿಕೇರಿಯ ತಿರುವುಗಳಲ್ಲಿ ಕಿಟಕಿಯಾಚೆ ತಲೆ ಹಾಕಿದ ಪ್ರಯಾಣಿಕರನ್ನು "ಇಷ್ಟಕ್ಕೇ ಹಿಂಗಾದ್ರೆ ಎಂಗ್ರೀ?" ಎಂದು ಗದರಿಸಿದ ಕತೆಯನ್ನು ಇದೇ ಮಹದೇವುಗೆ ಸಾಕಷ್ಟು ಸಲ ಹೇಳಿದ್ದರು.

"ನಂಗಾ? ನಂಗೇನೂ ಆಗ್ಲಿಲ್ಲ ಬುಡಯ್ಯ," ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಪಾಪ, ನಮ್ಮ ಮನೆಯವಳೇ ಮಲಗ್ಬುಟ್ಲು. ಹೋದಾಗಿಂದ ಬರೋವರ್ಗೂ ಎದ್ದೇಳ್ಲಿಲ್ಲ. ಅವಳನ್ನ ನೋಡ್ಕೊಂಡು, ಹಡಗೆಲ್ಲಾ ಸುತ್ತಿದೆ."

ನೋಡಿಕೊಂಡವನು ಸುತ್ತಿದ್ದು ಯಾವಾಗ ಎಂದು ಮಹದೇವು ಕೇಳಲಿಲ್ಲ. ಅವರ ಕಣ್ಣು ಅರಳಿತ್ತು.

"ಅಂಗಾದ್ರೆ ನೀನೇ ಸರಿ. ನಮ್ಮ ಬಳಗದೋರೆಲ್ಲ ಜೋಡಿ ಜೋಡಿಯಾಗಿ ಒಂದ್ಸಲ ಹಡಗಿಗೆ ಹೋಗಬೇಕು ಅಂತ ಕುಣೀತಾವ್ರೆ. ಒಬ್ರಿಗೂ ತಲೆಬುಡ ಗೊತ್ತಿಲ್ಲ. ಇವತ್ತು ಸಂಜೆ ಪಾರ್ಕಲ್ಲಿ ನಿಂದೇ ಭಾಷಣ. ಏನು ತಗೊಂಡೋಗ್ಬೇಕು, ಏನು ತಿನ್ಬೇಕು, ಎಲ್ಲಾ ಹೇಳ್ಬುಡು."

"ಇವತ್ತಾ? ಇನ್ನೊಂದಿನ..."

"ಮೈಕಿಗೂ ಹೇಳ್ಬುಡ್ತೀನಿ," ಎಂದು ಮಹದೇವು ಹೊರಟೇಹೋದರು.

ಮನೆಯಲ್ಲಿ ಪ್ರೇಮಲೀಲಾ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಗುರುಸಿದ್ದಯ್ಯ ಅಡಿಗೆಮನೆಯ ಬಾಗಿಲಿಗೆ ಒರಗಿ, ಹವಾಮಾನ ವಿಚಾರಿಸುವವರಂತೆ ಕೇಳಿದರು.

"ಲೀಲಾ, ಆ ಹಡಗಲ್ಲಿ ಊಟದ ಹಾಲ್ ಎಷ್ಟನೇ ಮಹಡೀಲಿತ್ತು?"

"ಯಾಕೆ, ಈಗ ಹಸಿವಾಯ್ತಾ? ಅಲ್ಲಿ ಊಟ ಅಂತ ಬಾಯಿಬಿಟ್ರೆ ದಿಂಬು ಎಸೀತಿದ್ರಲ್ಲ."

"ಸುಮ್ನೆ, ತಿಳ್ಕೊಳೋಣ ಅಂತ."

ಹಡಗಿನ ಮಾತು ಬಂದರೆ ಪ್ರೇಮಲೀಲಾಗೆ ತಡೆಯಲಾಗುತ್ತಿರಲಿಲ್ಲ. "ಮೇಲ್ಗಡೆ ಕಣ್ರೀ. ಸುತ್ತ ಗಾಜಿನ ಗೋಡೆ. ಆ ಕಡೆ ಇಡ್ಲಿ, ಈ ಕಡೆ ಹೆಸರೇ ಗೊತ್ತಿಲ್ಲದ ತಿಂಡಿಗಳು, ಹೊರಗಡೆ ಬರೀ ನೀಲಿ..." ಎಂದು ಅವರು ಕೈಯಲ್ಲಿ ಹಿಟ್ಟಿಟ್ಟುಕೊಂಡೇ ಸಮುದ್ರವನ್ನು ತೋರಿಸುವಷ್ಟರಲ್ಲಿ ಗೇಟು ಸದ್ದಾಯಿತು.

ಬಂದವರು ಹಿಂದಿನ ರಸ್ತೆಯ ಚಿಕ್ಕಯ್ಯ. ಸುದ್ದಿ ಆಗಲೇ ಅವರ ಮನೆ ಮುಟ್ಟಿತ್ತು.

"ಸಾರ್, ಸಂಜೆವರ್ಗೂ ಕಾಯಕ್ಕಾಗ್ಲಿಲ್ಲ. ಒಂದೇ ಪ್ರಶ್ನೆ. ರಾತ್ರಿ ಹೊತ್ತು ಹಡಗನ್ನ ಎಲ್ಲಿ ನಿಲ್ಲಿಸ್ತಾರೆ?"

"ನಿಲ್ಲಿಸಲ್ಲ. ಹೋಗ್ತಾನೇ ಇರುತ್ತೆ." ಇದು ಗುರುಸಿದ್ದಯ್ಯನವರಿಗೆ ಗೊತ್ತಿತ್ತು. ಅವರಿಗಿಂತ ಚೆನ್ನಾಗಿ ಅವರ ಹೊಟ್ಟೆಗೆ ಗೊತ್ತಿತ್ತು.

"ಡ್ರೈವರ್ರು ಮಲಗಲ್ವಾ?"

"ಪಾಳಿ ಇರುತ್ತಪ್ಪಾ, ನಮ್ಮ ಡಿಪೋ ತರ."

"ಕುಡಿಯೋ ನೀರು? ಸಮುದ್ರದ್ದೇನಾ? ಸ್ನಾನಕ್ಕೆ ಬಕೆಟ್ಟು ಗಿಕೆಟ್ಟು ಕೊಡ್ತಾರಾ?"

"ಬಕೆಟ್ ಕೊಡಲ್ಲ," ಎಂದರು ಗುರುಸಿದ್ದಯ್ಯ. ಅವರ ದನಿ ತಟ್ಟನೆ ಗಂಭೀರವಾಯಿತು. "ತಪ್ಪದೆ ತಗೊಂಡೋಗಿ. ಹಾಸಿಗೆ ಪಕ್ಕದಲ್ಲೇ ಇಟ್ಕೊಳ್ಳಿ. ಕೈಗೆ ಸಿಗೋ ಹಂಗೆ."

"ಹಾಸಿಗೆ ಪಕ್ಕದಲ್ಲಾ? ಸ್ನಾನದ ಬಕೆಟ್ಟಾ?"

ಗುರುಸಿದ್ದಯ್ಯ ನಾಲಿಗೆ ಕಚ್ಚಿಕೊಂಡರು. "ಒದ್ದೆ ಬಟ್ಟೆ ಹಾಕಕ್ಕೆ," ಎಂದು ಹೇಗೋ ತೇಲಿಸಿದರು. ಚಿಕ್ಕಯ್ಯ ತಲೆಯಾಡಿಸುತ್ತ ಹೋದರು. ಹಡಗಿನಲ್ಲಿ ಮಲಗಿದಲ್ಲೇ ಬಟ್ಟೆ ಒಗೆಯುತ್ತಾರೆಂಬ ಸುದ್ದಿ ಹಿಂದಿನ ರಸ್ತೆಗೆ ಹೊರಟಿತು.

ಅವರ ಬೆನ್ನಿಗೇ ಮಹದೇವುವಿನ ಹೆಂಡತಿ ದೇವಿರಮ್ಮ ಬಂದರು. ಕಾಯಿಲೆಯವರ ಮನೆಗೆ ಬಂದವರ ಹಾಗೆ ಗೇಟನ್ನು ಸದ್ದಿಲ್ಲದೆ ತೆಗೆದರು. ಕೈಯಲ್ಲಿ ಫ್ಲಾಸ್ಕು, ಸೆರಗಿನಲ್ಲಿ ನಿಂಬೆಹಣ್ಣು.

"ಎಂಗವ್ರೆ ಪ್ರೇಮಕ್ಕ?" ಎಂದು ಪಿಸುಗುಟ್ಟಿದರು.

ಗುರುಸಿದ್ದಯ್ಯನವರ ಮುಖ ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟಿಕೊಂಡಿತು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. "ಈಗ ತಾನೆ ಮಲಗಿದಾಳೆ. ಫ್ಲಾಸ್ಕ್ ಇಲ್ಲಿ ಕೊಡಿ, ನಾನೇ ಕುಡಿಸ್ತೀನಿ."

"ಒಳಗೆ ಮಿಕ್ಸಿ ಓಡ್ತಾ ಅದೆ?"

"ನಾನೇ ಹಾಕ್ಬುಟ್ಟು ಬಂದೆ."

ಮಿಕ್ಸಿ ನಿಂತಿತು. "ಯಾರ್ರೀ ಅದು?" ಎನ್ನುತ್ತ ಪ್ರೇಮಲೀಲಾ ಚಟ್ನಿಯ ಬಟ್ಟಲಿನೊಡನೆ ಗಂಡನ ಬೆನ್ನಹಿಂದೆ ಪ್ರತ್ಯಕ್ಷರಾದರು. ಹಡಗಿನ ಊಟ ಮೈಗೆ ಹಿಡಿದು, ರವಿಕೆಗಳ ಹೊಲಿಗೆ ಬಿಚ್ಚಿಸಬೇಕೆಂದು ಹಿಂದಿನ ದಿನವಷ್ಟೇ ಟೈಲರ್ ಹತ್ತಿರ ಹೋಗಿಬಂದಿದ್ದರು.

ದೇವಿರಮ್ಮ ಅವರ ಕೈ ಹಿಡಿದುಕೊಂಡರು. "ಎಷ್ಟು ಇಳಿದೋಗ್ಬುಟ್ಟಿದ್ದೀರಿ ಪ್ರೇಮಕ್ಕ! ಹಡಗಲ್ಲಿ ಎದ್ದೇಳೇ ಇಲ್ವಂತಲ್ಲ? ವಾಂತಿಯಂತೆ, ಸುಸ್ತಂತೆ. ಸಾರ್ ಮಗು ತರ ನೋಡ್ಕೊಂಡ್ರಂತೆ. ನಮ್ಮ ಯಜಮಾನ್ರು ಹೇಳಿದ್ರು. ಶುಂಠಿ ಕಷಾಯ ತಂದಿವ್ನಿ, ಬಿಸಿ ಬಿಸಿ ಕುಡೀರಿ."

ಪ್ರೇಮಲೀಲಾ ಗಂಡನ ಮುಖ ನೋಡಿದರು. ಗುರುಸಿದ್ದಯ್ಯ ದಾಸವಾಳದ ಗಿಡ ನೋಡಿದರು.

ಕೂಗಾಟವಾಗಬಹುದು ಎಂದು ಅವರು ಕಾದರು. ಆಗಲಿಲ್ಲ. ಪ್ರೇಮಲೀಲಾ ಲೋಟಕ್ಕೆ ಕಷಾಯ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. "ಹೌದು ಕಣಮ್ಮ ದೇವಿರಮ್ಮ. ಪಾಪ, ಇವ್ರು ಇಲ್ದೆ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತೋ."

ಅಷ್ಟು ಸಿಹಿಯಾದ ದನಿಯನ್ನು ಗುರುಸಿದ್ದಯ್ಯ ಮದುವೆಯಾದ ಹೊಸತರಲ್ಲೂ ಕೇಳಿರಲಿಲ್ಲ.

ದೇವಿರಮ್ಮ ಹೋದಮೇಲೆ ಅವರು ಕೈಮುಗಿದೇ ಒಳಗೆ ಬಂದರು. "ಬಾಯ್ತಪ್ಪಿ ಬಂದ್ಬುಡ್ತು ಕಣೇ. ಸಂಜೆ ಭಾಷಣ ಇದೆ. ಮರ್ಯಾದೆ ಪ್ರಶ್ನೆ. ಏನೇನಿತ್ತು ಅಂತ ಒಂಚೂರು ಹೇಳ್ಬುಡು."

"ನಂಗೇನ್ರೀ ಗೊತ್ತು?" ಎಂದರು ಪ್ರೇಮಲೀಲಾ, ರೊಟ್ಟಿ ಮಗುಚುತ್ತ. "ನಾನು ಮಲಗಿದ್ನಲ್ಲ. ಸಂಜೆ ಮುಂದಿನ ಸಾಲಲ್ಲೇ ಕೂತ್ಕೋತೀನಿ. ನೀವು ನೋಡಿದ್ದನ್ನ ನಾನೂ ಕೇಳಿ ತಿಳ್ಕೋಬೇಕು."

ಸಂಜೆ ಪಾರ್ಕಿನ ಮಂಟಪದಲ್ಲಿ ಕುರ್ಚಿ ಸಾಲದೆ ಕೆಲವರು ಕಟ್ಟೆಯ ಮೇಲೆ ಕೂತಿದ್ದರು. ಹೆಂಗಸರೆಲ್ಲ ಒಂದು ಕಡೆ, ಗಂಡಸರೆಲ್ಲ ಒಂದು ಕಡೆ. ಮಹದೇವು ಶಾಲು ಹೊದಿಸಿ, "ಸಮುದ್ರದ ಮಧ್ಯೆ ನಿಂತು ಬಂದ ನಮ್ಮ ಸ್ನೇಹಿತರು" ಎಂದು ಪರಿಚಯಿಸಿದರು. ಮೈಕು ಕೀರಿಟ್ಟಿತು.

"ಹಡಗು ಅಂದ್ರೆ," ಎಂದು ಶುರುಮಾಡಿದ ಗುರುಸಿದ್ದಯ್ಯ ಸ್ವಲ್ಪ ಹೊತ್ತು ಯೋಚಿಸಿದರು. "ಬಹಳ ದೊಡ್ಡದು."

ಜನ ಕಾದರು. ಮುಂದೆ ಏನೂ ಬರಲಿಲ್ಲ. ಮುಂದಿನ ಸಾಲಿನಿಂದ ಪ್ರೇಮಲೀಲಾ ಕೈಯೆತ್ತಿದರು.

"ಈಜುಕೊಳ ಇತ್ತಂತಲ್ಲ, ಅದರ ಬಗ್ಗೆ ಹೇಳಿ."

"ಇತ್ತು. ತುಂಬಾ ನೀರಿತ್ತು."

"ದ್ವೀಪದಲ್ಲಿ ಇಳಿಯೋದು ಹೇಗೆ?" ಇದು ಚಿಕ್ಕಯ್ಯ.

"ಅದೇನು ದೊಡ್ಡ ವಿಷ್ಯ? ಪ್ಲಾಟ್‌ಫಾರಂಗೆ ಬಸ್ ತಂದು ನಿಲ್ಲಿಸ್ದಂಗೆ ದಡಕ್ಕೆ ಹಡಗು ನಿಲ್ಲಿಸ್ತಾರೆ, ನಾವು ಇಳ್ಕೊಳೋದು."

"ಹೌದಾ?" ಎಂದರು ಪ್ರೇಮಲೀಲಾ ಮುಗ್ಧವಾಗಿ. "ನಾನು ಮಲಗಿದ್ದಲ್ಲಿಂದ್ಲೇ ನೋಡ್ದೆ, ಹಡಗು ದೂರದಲ್ಲೇ ನಿಂತಿತ್ತು. ಜನ ಸಣ್ಣ ಸಣ್ಣ ದೋಣೀಲಿ ಹೋಗ್ತಿದ್ದಂಗಿತ್ತಪ್ಪ."

"ಅದು... ಅರ್ಜೆಂಟ್ ಇದ್ದೋರು."

ಗಂಡಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಗುರುಸಿದ್ದಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡರು. ಅವರನ್ನು ಕಾಪಾಡಲೆಂದೇ ದೇವಿರಮ್ಮ ಎದ್ದು ನಿಂತರು.

"ಅದೆಲ್ಲ ಬುಡಿ ಸಾರ್. ಪ್ರೇಮಕ್ಕಂಗೆ ಎಂಗಾಯ್ತು, ಅದನ್ನ ಹೇಳಿ. ನಮಗಿರೋ ಭಯ ಅದೊಂದೇ."

ಗುರುಸಿದ್ದಯ್ಯನವರಿಗೆ ಜೀವ ಬಂತು. ಇದೊಂದು ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮೊದಲು ಏನೂ ಗೊತ್ತಾಗಲ್ಲ ಕಣ್ರೀ," ಎಂದು ಮೈಕನ್ನು ಹತ್ತಿರ ಎಳೆದುಕೊಂಡರು. "ನೆಲ ಒಂಚೂರು ಉಸಿರಾಡ್ದಂಗೆ ಆಗುತ್ತೆ, ಅಷ್ಟೆ. ಅವಳಿಗೆ ಆಮೇಲೆ ಬಾಯಲ್ಲಿ ನೀರೂರಕ್ಕೆ ಶುರುವಾಯ್ತು. ಎಲ್ಲೋ ದೂರದಲ್ಲಿ ಯಾರೋ ಕಾಫಿ ಮಾಡಿದ್ರೂ ಆ ವಾಸನೆ ಹುಡುಕ್ಕೊಂಡು ಬಂದು ಮೂಗಿಗೇ ಹೊಡಿಯುತ್ತೆ. ಕಣ್ಣು ಮುಚ್ಚಿದ್ರೆ ಹಡಗು ಎಡಕ್ಕೆ, ತೆಗೆದ್ರೆ ಬಲಕ್ಕೆ. ಹ್ಯಾಂಗರಲ್ಲಿ ನೇತುಹಾಕಿದ್ದ ಅಂಗಿ ಹೋಗೋದು, ಬರೋದು, ಹೋಗೋದು, ಬರೋದು. ಅದನ್ನ ನೋಡ್ಬಾರ್ದು ಅಂದ್ಕೋತೀವಿ. ಆದ್ರೂ ಅದನ್ನೇ ನೋಡ್ತೀವಿ."

ಚಿಕ್ಕಯ್ಯ ತಮ್ಮ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಗುರುಸಿದ್ದಯ್ಯನವರ ಕಣ್ಣು ತೇವವಾಯಿತು. ಇಷ್ಟು ಗಮನವಿಟ್ಟು ಅವರ ಮಾತನ್ನು ಯಾರೂ ಕೇಳಿದ್ದಿಲ್ಲ.

"ದೇವರೇ, ಹಡಗು ನಿಲ್ಲಿಸು, ಇಲ್ಲಾ ನನ್ನ ಎತ್ಕೊಂಡೋಗು ಅಂದೆ! ಆಗ ಲೀಲಾ ಬಂದು ನನ್ನ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿ, ‘ಮೇಲೆ ಮ್ಯಾಜಿಕ್ ಶೋ ಐತೆ, ನೋಡ್ಕೊಂಡು ಬರ್ತೀನಿ’ ಅಂತ ಹೊರಟೇಬುಟ್ಲು ಕಣ್ರೀ!"

ಆ ಮಾತು ಮೈಕಿನಲ್ಲಿ ಪಾರ್ಕಿನ ಆಚೆ ತುದಿಯವರೆಗೂ ಹೋಯಿತು.

ಮೊದಲು ನಕ್ಕದ್ದು ದೇವಿರಮ್ಮ. ಆಮೇಲೆ ಯಾರು ಯಾರು ನಕ್ಕರೆಂದು ಹೇಳಲಾಗುವುದಿಲ್ಲ. ಮಹದೇವು ಕಟ್ಟೆಯಿಂದ ಜಾರಿಯೇ ಬಿದ್ದರು. ಗುರುಸಿದ್ದಯ್ಯ ಹೊದೆದ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಕುರ್ಚಿಯಲ್ಲಿ ಕುಸಿದರು.

ಪ್ರೇಮಲೀಲಾ ಎದ್ದುಬಂದು ಮೈಕು ತೆಗೆದುಕೊಂಡರು. ಅವರಿಗೂ ನಗು ತಡೆಯಲಾಗಿರಲಿಲ್ಲ, ಸಿಟ್ಟೆಲ್ಲ ಅದರಲ್ಲೇ ಹರಿದುಹೋಗಿತ್ತು.

"ಹೆದರ್ಕೋಬೇಡಿ. ಎಲ್ರಿಗೂ ಹಿಂಗಾಗಲ್ಲ. ಮಾತ್ರೆ ಇರುತ್ತೆ, ಡಾಕ್ಟರ್ನ ಕೇಳಿ ಹಡಗು ಹತ್ತೋಕೆ ಮುಂಚೆನೇ ತಗೋಬೇಕು. ಇವ್ರು, ನಾನು ಬಸ್ಸಿನೋನು, ನಂಗ್ಯಾಕೆ ಅಂದ್ರು. ರೂಮು ಕೆಳಗಿನ ಮಹಡೀಲಿ, ಹಡಗಿನ ನಡುಭಾಗದಲ್ಲಿ ತಗೊಳ್ಳಿ, ಅಲ್ಲಿ ಅಲುಗಾಟ ಕಮ್ಮಿ. ಒಳಗೇ ಮುದುರ್ಕೊಂಡು ಕೂತ್ಕೋಬೇಡಿ, ಹೊರಗೆ ಬಂದು ದೂರ ನೋಡ್ತಾ ನಿಂತ್ಕೊಳ್ಳಿ. ಖಾಲಿ ಹೊಟ್ಟೇಲಿರ್ಬೇಡಿ. ದೊಡ್ಡ ಪೆಟ್ಟಿಗೆ ರೂಮಿಗೆ ಬರೋದು ತಡ ಆಗುತ್ತೆ, ಅದಕ್ಕೇ ಬಿಪಿ, ಶುಗರ್ ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ ತಗೊಂಡೋಗ್ಬೇಡಿ, ನಮ್ಮದನ್ನ ಕಿತ್ಕೊಂಡಿದ್ರು. ಮೊಸರನ್ನ ಸಿಗುತ್ತೆ, ಕೇಳ್ಬೇಕು ಅಷ್ಟೆ. ದ್ವೀಪಕ್ಕೆ ಹೋದ್ರೆ ಹೇಳಿದ ಹೊತ್ತಿಗೆ ವಾಪಸ್ ಬರ್ಬೇಕು, ಹಡಗು ಯಾರಿಗೂ ಕಾಯಲ್ಲ."

ಪ್ರಶ್ನೆಗಳು ಮುಗಿಬಿದ್ದವು. ಸೀರೆ ನಡೆಯುತ್ತಾ? ನಡೆಯುತ್ತೆ, ಗಾಳಿಗೆ ಪಿನ್ ಬೇಕು. ಫೋನು? ನಡುಸಮುದ್ರದಲ್ಲಿ ಸಿಗ್ನಲ್ ಇರಲ್ಲ. ಮೀನು ಕಾಣುತ್ತಾ? ಒಂದ್ಸಲ ಹಿಂಡು ಹಿಂಡಾಗಿ ಹಾರಿದವು, ಬೆಳ್ಳಿ ಚಮಚ ಎಸೆದಂಗೆ. ಹೆಂಗಸರ ಸಾಲು ಒಬ್ಬೊಬ್ಬರಾಗಿ ಮುಂದಕ್ಕೆ ಜರುಗಿ ಪ್ರೇಮಲೀಲಾರ ಸುತ್ತ ಕೂತಿತು.

"ಯಜಮಾನ್ರು ಮಲಗಿದ್ರಲ್ಲ ಪ್ರೇಮಕ್ಕ," ಎಂದರು ದೇವಿರಮ್ಮ, "ಒಬ್ರೇ ಅಂತ ಬೇಜಾರಾಗ್ಲಿಲ್ವಾ?"

"ನಿಜ ಹೇಳ್ಲಾ? ಮದುವೆ ಆದಾಗಿಂದ ಅಷ್ಟು ದಿನ ಯಾರೂ ‘ನನ್ನ ಕನ್ನಡಕ ಎಲ್ಲಿ’ ಅಂತ ಕೇಳ್ದೆ ಇದ್ದಿದ್ದು ಅದೇ ಮೊದಲು."

ಹೆಂಗಸರ ತಲೆಗಳು ಕೂಡಿದವು, ಗುಸುಗುಸು ಎದ್ದಿತು. ಗುರುಸಿದ್ದಯ್ಯ ಶಾಲಿನ ಮರೆಯಿಂದ ನೋಡಿದರು. ತನ್ನ ಕತೆ ಇಲ್ಲಿಗೆ ಮುಗಿಯಿತು, ಇನ್ನು ಯಾರೂ ತನ್ನನ್ನು ಹಡಗಿನ ವಿಚಾರ ಕೇಳುವುದಿಲ್ಲ ಎಂದು ಅವರ ಎದೆ ಹಗುರಾಯಿತು.

ದೇವಿರಮ್ಮ ಮೈಕಿಗೆ ಬಂದರು. "ತೀರ್ಮಾನ ಆಯ್ತು. ಈ ಸಲ ಹಡಗಿಗೆ ಹೋಗೋದು ಹೆಂಗಸರು ಮಾತ್ರ. ಪ್ರೇಮಕ್ಕ ಲೀಡರ್ರು. ಗಂಡಸ್ರನ್ನ ಕರ್ಕೊಂಡೋಗಿ ಮಲಗಿಸಿ ಒದ್ದೆ ಬಟ್ಟೆ ಹಾಕ್ಕೊಂಡು ಕೂರಕ್ಕೆ ನಮ್ಗೆ ಪುರುಸೊತ್ತಿಲ್ಲ."

ಗಂಡಸರ ಕಡೆಯ ನಗು ಕರೆಂಟು ಹೋದಂತೆ ನಿಂತಿತು. ಎಲ್ಲರೂ ಒಟ್ಟಿಗೆ ಗುರುಸಿದ್ದಯ್ಯನವರತ್ತ ತಿರುಗಿದರು.

"ನಂಗೆ ಸಮುದ್ರ ನೋಡೋ ಆಸೆ ಎಷ್ಟು ವರ್ಷದ್ದು ಗೊತ್ತಾ ಸಾರ್ ನಿಮಗೆ?" ಎಂದರು ಚಿಕ್ಕಯ್ಯ, ಅಳುವ ದನಿಯಲ್ಲಿ.

"ಅದಿರ್ಲಿ, ಅಷ್ಟು ದಿನ ನಮ್ಗೆ ಬೇಯಿಸಿ ಹಾಕೋರ್ಯಾರು?" ಮಹದೇವು ಹತ್ತಿರ ಬಂದು ಗುರುಸಿದ್ದಯ್ಯನವರ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಭಾರವಾಗಿತ್ತು. "ನಮ್ಮ ಹೆಂಡ್ತೀರ್ನ ಹಡಗು ಹತ್ತಿಸ್ದೋನು ನೀನೇ ತಾನೆ? ಅವ್ರು ಬರೋವರ್ಗೂ ನಮ್ಮೆಲ್ರ ಊಟ ನಿನ್ ಮನೇಲೇ. ಬೆಳಗ್ಗೆ ತಿಂಡೀನೂ ಸೇರಿ."

"ಧಾರಾಳವಾಗಿ ಬನ್ನಿ," ಎಂದರು ಪ್ರೇಮಲೀಲಾ ಮೈಕಿನಲ್ಲೇ. "ರೋಗಿಯನ್ನೇ ಮಗು ತರ ನೋಡ್ಕೊಂಡೋರು, ನಿಮ್ಮನ್ನ ನೋಡ್ಕೊಳಲ್ವಾ?"

ಮನೆಗೆ ಮರಳುವಾಗ ತಮ್ಮ ರಸ್ತೆಯ ತಿರುವಿನಲ್ಲಿ ಗುರುಸಿದ್ದಯ್ಯ ಮೆಲ್ಲಗೆ ಕೇಳಿದರು.

"ಲೀಲಾ, ಆ ಮಾತ್ರೆ ಮೊದಲೇ ತಗೊಂಡ್ರೆ ಏನೂ ಆಗಲ್ಲ ಅಂದ್ಯಲ್ಲ, ಖಂಡಿತವಾ?"

"ಖಂಡಿತ."

"ಅಂಗಾದ್ರೆ ನಾನೂ ಬಂದ್ಬುಡ್ತೀನಿ ಕಣೇ. ಒಂದು ಮೂಲೇಲಿ ಮಲಗಿರ್ತೀನಿ, ಕನ್ನಡಕಾನೂ ಕೇಳಲ್ಲ."

ಪ್ರೇಮಲೀಲಾ ಗೇಟು ತೆಗೆದು ಅವರನ್ನು ಮೊದಲು ಒಳಗೆ ಬಿಟ್ಟರು.

"ಹೆಂಗಸರಿಗೆ ಮಾತ್ರ ಕಣ್ರೀ," ಎಂದರು. "ಬನ್ನಿ, ಅನ್ನಕ್ಕೆ ಎಷ್ಟು ನೀರಿಡಬೇಕು ಅಂತ ಇವತ್ತೇ ತೋರಿಸಿಕೊಡ್ತೀನಿ."