ಮೋಟಾರ್ ಕೋಣೆಯ ಸರ್ಕಾರ

ಅಧಿಕಾರ ಹಿಡಿಯುವುದು ಸುಲಭ. ಹಿಡಿದ ಮೇಲೆ ಒಬ್ಬನಾದರೂ ಕರೆದು ಚಹಾ ಕೊಡುವಂತೆ ಮಾಡುವುದು ಕಷ್ಟ. ದೂರದೇಶದ ಬಂಡುಕೋರ ಸರ್ಕಾರದ ಪಾಡನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನ್ನ ಕರುಳು ಚುರ್ರೆನ್ನುತ್ತದೆ. ರಾಜಧಾನಿ ಅವರದು, ಅರಮನೆ ಅವರದು, ಅವರ ಸರಕು ಎಲ್ಲರಿಗೂ ಬೇಕು. ರಾಯಭಾರಿ ಕಳಿಸುವವರು ಮಾತ್ರ ಇಲ್ಲ. ಬಂದೂಕಿನ ಗೆಳೆಯರ ನಂಟು ಮೊದಲು ಬಿಡಿ ಎಂದು ಜಗತ್ತು ಉಪದೇಶಿಸುತ್ತದೆ. ಆ ಗೆಳೆಯರಿಲ್ಲದಿದ್ದರೆ ಇವರು ಅರಮನೆಯ ಗೇಟಿನವರೆಗಾದರೂ ಬರುತ್ತಿದ್ದರೇ? ಹುಮನಾಬಾದಿನ ನಮ್ಮ ಕಾಲೋನಿಯಲ್ಲಿ ನಾನೂ ಅಂಥದೇ ಸರ್ಕಾರ ನಡೆಸಿದವನು, ಆದ್ದರಿಂದ ಹೇಳುತ್ತಿದ್ದೇನೆ.

ನಮ್ಮ ಕಾಲೋನಿ ಕಮಿಟಿಯ ಹಳೆಯ ಅಧ್ಯಕ್ಷ ಕಾಶಿನಾಥಪ್ಪನವರು ಬೋರ್‌ವೆಲ್ ಮೋಟಾರ್ ಕೋಣೆಯ ಕೀಲಿಕೈಯನ್ನು ಉಡಿದಾರಕ್ಕೇ ಕಟ್ಟಿಕೊಂಡಿದ್ದರು. ಅವರ ಓಣಿಗೆ ದಿನಾ ನೀರು. ನಮ್ಮ ಓಣಿಗೆ ಅವರ ಮನಸ್ಸು ಬಂದಾಗ. ಒಂದು ಬೆಳಗ್ಗೆ ನೆರೆಮನೆಯ ಶಿವರಾಜ, ಮಾರುತಿ ಇಬ್ಬರೂ ಹಾರೆ ತಂದು ಬೀಗ ಒಡೆದರು. ನಾನು ಹಿಂದೆ ನಿಂತು ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದೆ. ಮಾತು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಅಧ್ಯಕ್ಷನೂ ಆದೆ. ಹೊಸ ಬೀಗದ ಕೀಲಿಕೈ ಮಾತ್ರ ಶಿವರಾಜನ ಕಿಸೆಯಲ್ಲಿ ಉಳಿಯಿತು.

ಎಲ್ಲರೂ ನೀರು ತುಂಬಿಕೊಂಡರು. ಒಬ್ಬರೂ ನಮಸ್ಕಾರ ಮಾಡಲಿಲ್ಲ. ನನ್ನ ಹೆಂಡತಿ ಸುನಂದಾ ಕೂಡ, "ಅಧ್ಯಕ್ಷರ ಮನಿಗೆ ಕುಂಕುಮಕ್ಕ ಹೋಗಿ ಬರ್ತೀನ್ರಿ" ಎಂದು ಕಾಶಿನಾಥಪ್ಪನವರ ಮನೆಗೇ ಹೊರಟಳು. ನನಗೆ ಹೊಟ್ಟೆ ಉರಿದುಹೋಯಿತು.

ನಮ್ಮ ಕಡೆ ದೊಡ್ಡಸ್ತಿಕೆಗೆ ಇರುವುದು ಒಂದೇ ಮುದ್ರೆ. ನಾಲ್ಕು ಮಂದಿಯೆದುರು ಕರೆದು ತಲೆಗೆ ಟೋಪಿ ಇಟ್ಟು, ಹೆಗಲಿಗೆ ಟವೆಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಡಬೇಕು. ಬಸವಕಲ್ಯಾಣದಲ್ಲಿರುವ ನನ್ನ ಷಡ್ಡಕ ವೈಜನಾಥ ತನ್ನ ಕಾಲೋನಿಯ ಅಧ್ಯಕ್ಷ. ಅಲ್ಲಿ ಹೊಸ ನೀರಿನ ಟ್ಯಾಂಕಿನ ಪೂಜೆಗೆ ಬರುವ ಅಧ್ಯಕ್ಷರಿಗೆಲ್ಲ ಟೋಪಿ-ಟವೆಲ್ ಎಂದು ಕೇಳಿ, ನಾಚಿಕೆ ಬಿಟ್ಟು ಫೋನ್ ಮಾಡಿದೆ.

"ಕರೀತೀನ್ರಿ. ಆದ್ರ ಆ ಹಾರಿ ಹಿಡ್ದವರ ಸಂಗ ಮೊದ್ಲ ಬಿಡ್ರಿ. ಮಂದಿ ಏನಂತಾರ?" ಎಂದ.

ಬಿಟ್ಟೆ. ಮೋಟಾರ್ ಕೋಣೆಯ ಮುಂದೆ ಮಂಚ ಹಾಕಿ, ಹಾರೆ ಪಕ್ಕಕ್ಕಿಟ್ಟು ಕಾವಲಿದ್ದ ಇಬ್ಬರಿಗೂ, "ಇವತ್ತಿಂದ ನಿಮಗೂ ಕಮಿಟಿಗೂ ಸಂಬಂಧ ಇಲ್ರಪಾ. ಈ ಹಾರಿ-ಗೀರಿ ನನಗ ಮೊದಲಿಂದ್ಲೂ ಸೇರಂಗಿಲ್ಲ" ಎಂದೆ.

ಶಿವರಾಜ ನಕ್ಕ. "ಆಯ್ತ್ರಿ ಸರ, ಆರಾಮ ಹೋಗಿ ಬರ್ರಿ. ಇಲ್ಲಿ ನಾವು ನೋಡ್ಕೋತೀವಿ."

ಆ ನಗುವಿನಲ್ಲಿ ನನಗೆ ಬರೀ ಗೌರವವೇ ಕಂಡಿತು.

ಬಸವಕಲ್ಯಾಣದ ಮೈಕಿನಲ್ಲಿ ನನ್ನನ್ನು ಅಧ್ಯಕ್ಷರೇ ಎಂದು ಕರೆದಾಗ ಕಣ್ಣು ತುಂಬಿ ಬಂತು. ಟೋಪಿ ತೆಗೆಯದೆಯೇ ಬಸ್ಸಿನಲ್ಲಿ ಮರಳಿದೆ. ಮೋಟಾರ್ ಕೋಣೆಯ ಮುಂದೆ ಅದೇ ಮಂಚ, ಅದೇ ಹಾರೆ, ಜೊತೆಗೆ ಕಾಶಿನಾಥಪ್ಪನವರು. "ಅಧ್ಯಕ್ಷರ, ಇನ್ನರ್ಧ ಕಪ್ ತಗೋರಿ" ಎಂದು ಶಿವರಾಜನಿಗೆ ಚಹಾ ಬಗ್ಗಿಸುತ್ತಿದ್ದರು. ಕಪ್ಪುಗಳು ನಮ್ಮ ಮನೆಯವು.

ಅಂದಿನಿಂದ ನಮ್ಮ ಮನೆಯ ವಾಲ್ವ್ ಬಂದ್. ತನ್ನನ್ನು ಅಧ್ಯಕ್ಷರೇ ಎಂದು ಒಮ್ಮೆ ಕರೆದರೆ ಶಿವರಾಜ ತೆರೆಯುತ್ತಾನಂತೆ. ಬೀಗ ಒಡೆದು ಬಂದ ಸರ್ಕಾರಕ್ಕೆ ನಾನು ಸುತರಾಂ ಮಾನ್ಯತೆ ಕೊಡುವವನಲ್ಲ. ಸುನಂದಾ ಕೊಡ ಹಿಡಿದು ಹೋಗಿ ಆ ಮಾನ್ಯತೆ ಕೊಟ್ಟು ಬರುತ್ತಾಳೆ. ಅವಳು ತಂದ ನೀರಿನಲ್ಲಿ ಸ್ನಾನ ಮುಗಿಸಿ, ಬಸವಕಲ್ಯಾಣದ ಟವೆಲ್ಲಿನಿಂದ ಮೈ ಒರೆಸಿಕೊಳ್ಳುತ್ತೇನೆ.