ಹುಣಸೆಹಣ್ಣಿನಲ್ಲಿ ತೊಳೆದ ಪಿಎಚ್‌ಡಿ

ನಾನು ಸಿಟ್ಟು ಬಂದರೆ ಕೂಗುವವಳಲ್ಲ, ತಿಕ್ಕುವವಳು. ಕಾನ್ವೆಂಟಿನಲ್ಲಿ ಓದಿದ ಪಾಪಕ್ಕೆ ಹೀಗಾಗಿದೆ. ‘ಎ ಲೇಡಿ ನೆವರ್ ರೈಸಸ್ ಹರ್ ವಾಯ್ಸ್’ ಎಂಬುದನ್ನು ನಮ್ಮ ಸಿಸ್ಟರ್ ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿ ಕಲಿಸಿದ್ದರು. ಬಾಯಿಗೆ ಬೀಗ ಬಿದ್ದ ಮೇಲೆ ಸಿಟ್ಟು ಕೈಗೆ ಇಳಿಯಿತು. ನಮ್ಮ ಮನೆಯ ಪಾತ್ರೆಗಳು ಫಳಫಳ ಹೊಳೆಯುವುದನ್ನು ನೋಡಿ ಅಕ್ಕಪಕ್ಕದವರು ‘ಎಷ್ಟು ಕ್ಲೀನು ನೀವು!’ ಎನ್ನುತ್ತಾರೆ. ಕ್ಲೀನಲ್ಲ ಮಾರಾಯ್ರೆ, ಕೋಪ. ಇದನ್ನು ಬರೆಯುವಾಗಲೂ ಅದು ಇಳಿದಿಲ್ಲ.

ನಮ್ಮವರು ಭದ್ರಾವತಿಯಲ್ಲಿ ಉಕ್ಕಿನ ಕಾರ್ಖಾನೆಯೊಂದರ ಟೆಸ್ಟಿಂಗ್ ಲ್ಯಾಬಿನಲ್ಲಿದ್ದರು. ಕಬ್ಬಿಣ ಮಾಡುವ ಅಳಿಯ ಸಿಕ್ಕಿದ ಎಂದು ನಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದರು. ಮದುವೆಯಾದ ಮೇಲೆ ತಿಳಿಯಿತು, ಇವರ ಕೆಲಸ ಬೇರೆಯವರು ಮಾಡಿದ ಕಬ್ಬಿಣವನ್ನು ಮುರಿಯುವುದು. ಗೇಣುದ್ದದ ಉಕ್ಕಿನ ಸರಳನ್ನು ಮೆಷಿನ್ನಿಗೆ ಕಚ್ಚಿಸಿ ಎರಡೂ ಕಡೆಯಿಂದ ಎಳೆಯುತ್ತಾರೆ. ಅದರ ನಡು ಸಣ್ಣಗಾಗುತ್ತದೆ. ಇನ್ನೂ ಎಳೆದರೆ ಟಪ್ಪೆಂದು ಎರಡಾಗುತ್ತದೆ. ಎಷ್ಟು ಎಳೆದಾಗ ಎರಡಾಯಿತು ಎಂದು ಬರೆದುಕೊಳ್ಳುವುದೇ ಡ್ಯೂಟಿ. ಹಾಗೆ ಮುರಿದ ತುಂಡುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಮೇಲಿನವರ ಅಪ್ಪಣೆ ಪಡೆದು ಮನೆಗೆ ತರುತ್ತಿದ್ದರು. ನಂಬರ್ ಹೊಡೆದ ಜೋಡಿ ತುಂಡುಗಳು, ಅವುಗಳಿಗೊಂದು ಬಿಸ್ಕತ್ತಿನ ಡಬ್ಬಿ, ವಿವರ ಬರೆಯಲು ಒಂದು ನೋಟ್‌ಬುಕ್. ಅತ್ತೆ ಏನಾದರೂ ಅಂದರೆ ನಾನು ಆ ಡಬ್ಬಿ ಇಳಿಸಿ, ಹುಣಸೆಹಣ್ಣು, ಬೂದಿ ತೆಗೆದುಕೊಂಡು ಬಚ್ಚಲ ಕಲ್ಲಿನ ಹತ್ತಿರ ಕೂರುತ್ತಿದ್ದೆ. ಮುರಿದ ಕಡೆ ಒರಟೊರಟಾಗಿರುತ್ತಿತ್ತು, ಅಲ್ಲಿಗೆ ನಾಲ್ಕು ಉಜ್ಜು ಜಾಸ್ತಿ. ಇವರು ಮಾತಾಡದೆ ಪೇಪರ್ ಓದಿದರೆ ಮತ್ತೊಂದು ಸುತ್ತು. ಆಯುಧಪೂಜೆಗೆ ಕುಂಕುಮ ಹಚ್ಚಿ ಜೋಡಿಸಿಟ್ಟರೆ ಬೆಳ್ಳಿಯೇ ಅನ್ನಬೇಕು. ಇವರು ನೋಡಿ ನಿಟ್ಟುಸಿರು ಬಿಡುತ್ತಿದ್ದರೇ ಹೊರತು ಒಂದು ಮಾತು ಆಡುತ್ತಿರಲಿಲ್ಲ. ಆಡಲಿಲ್ಲವಲ್ಲ ಎಂದೂ ತಿಕ್ಕಿದ್ದೇನೆ.

ಇವರು ಹೋಗಿ ಏಳು ವರ್ಷವಾಯಿತು. ನಾನೀಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಗ, ಸೊಸೆಯ ಜೊತೆಗಿದ್ದೇನೆ. ಸೊಸೆ ನಂದಿನಿ ಮೆಟೀರಿಯಲ್ಸ್ ಎಂಜಿನಿಯರಿಂಗಿನಲ್ಲಿ ಎಂ.ಟೆಕ್. ಮಾಡಿದವಳು, ರ‍್ಯಾಂಕು ಬೇರೆ. ಒಂದು ಕಾಲೇಜಿನಲ್ಲಿ ಆರು ವರ್ಷದಿಂದ ಅತಿಥಿ ಉಪನ್ಯಾಸಕಿ. ಆರು ವರ್ಷ ಉಳಿದ ಅತಿಥಿಗೆ ನಾನಾದರೆ ಒಂದು ಮಂಚವನ್ನೇ ಬಿಟ್ಟುಕೊಡುತ್ತಿದ್ದೆ. ಅಲ್ಲಿ ಸ್ವಂತದ್ದೊಂದು ಕುರ್ಚಿ ಕೊಟ್ಟಿಲ್ಲ. ಪ್ರತಿ ವರ್ಷ ಆರ್ಡರ್ ಬರುತ್ತದೋ ಇಲ್ಲವೋ ಎಂದು ಕಾಯಬೇಕು. ಕಾಯಂ ಆಗಬೇಕಾದರೆ ಪಿಎಚ್‌ಡಿ ಆಗಿರಬೇಕು. ಪಿಎಚ್‌ಡಿಗೆ ಹೋಗಿ ಕೇಳಿದರೆ, ‘ಮದುವೆ ಆಗಿದೆ ಅಂತೀರಿ, ಅರ್ಧಕ್ಕೆ ಬಿಡೋದಿಲ್ಲ ಅಂತ ಏನು ಗ್ಯಾರಂಟಿ?’ ಎನ್ನುತ್ತಾರೆ. ಹಾಗೆ ಕೇಳಿದ ಮಹಾಶಯರು ಬ್ರಹ್ಮಚಾರಿಗಳೋ? ಸಾಲದ್ದಕ್ಕೆ ಆಲ್ಕೊಳದ ನನ್ನ ಓರಗಿತ್ತಿ ಹೋದ ದಸರೆಯಲ್ಲಿ ಎಲ್ಲರೆದುರು, “ಹೆಣ್ಮಕ್ಳಿಗೆ ಕಬ್ಬಿಣದ ಸಹವಾಸ ಯಾಕೆ ಮಾರಾಯ್ತಿ, ನಿನ್ನ ಸೊಸೆ ಗ್ಯಾರೇಜ್ ಇಡ್ತಾಳಾ?” ಎಂದಳು. ನಾನು ಸಿಸ್ಟರ್ ಕಲಿಸಿದ ಹಾಗೆ ಮುಗುಳ್ನಕ್ಕೆ. ಮನೆಗೆ ಬಂದು ಡಬ್ಬಿಯಲ್ಲಿದ್ದ ಅಷ್ಟೂ ತುಂಡುಗಳನ್ನು ನಂದಿನಿಯ ಪರವಾಗಿ ತಿಕ್ಕಿದೆ.

ಕಳೆದ ತಿಂಗಳು ನಂದಿನಿಗೆ ಒಂದು ಬಾಗಿಲು ತೆರೆಯಿತು. ದೂರದ ಸಂಶೋಧನಾ ಸಂಸ್ಥೆಯ ಪ್ರೊಫೆಸರೊಬ್ಬರಿಗೆ, ಹಳೆಯ ಕಾಲದ ಉಕ್ಕು ಹೇಗೆ ಮುರಿಯುತ್ತಿತ್ತೆಂದು ಅಧ್ಯಯನ ಮಾಡಲು ಒಬ್ಬರು ಬೇಕಾಗಿತ್ತು. ಒಂದೇ ಸೀಟು. ಇವಳು ಇಂಟರ್‌ವ್ಯೂನಲ್ಲಿ ಮಾವನವರ ಡಬ್ಬಿ, ನೋಟ್‌ಬುಕ್ಕಿನ ವಿಷಯ ಹೇಳಿದ್ದೇ ತಡ, ಅವರು ಹಿಗ್ಗಿಹೋದರು. ಮಾರನೆಯ ದಿನವೇ ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿದರು. ನಂದಿನಿ ಲ್ಯಾಪ್‌ಟಾಪಿನೆದುರು ಡಬ್ಬಿ ತೆರೆದಳು. ನಾನೂ ಸೆರಗು ಸರಿಮಾಡಿಕೊಂಡು ಹಿಂದೆ ನಿಂತೆ, ನಾಲ್ಕು ಹೊಗಳಿಕೆ ಬಂದರೆ ಬರಲಿ ಎಂದು.

“ಇದೇನಮ್ಮಾ, ಮುರಿದ ಗುರುತೇ ಇಲ್ಲವಲ್ಲ! ಯಾರು ಪಾಲಿಶ್ ಮಾಡಿದ್ದು?”

“ನಮ್ಮತ್ತೆ, ಸರ್.”

ಪ್ರೊಫೆಸರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಯಾರ ಕೈಯೂ ತಾಗದ ಒಂದು ಜೋಡಿಯಾದರೂ ಸಿಕ್ಕಿದರೆ ಸೋಮವಾರ ತೋರಿಸಿ, ಇಲ್ಲದಿದ್ದರೆ ಸೀಟು ಇನ್ನೊಬ್ಬ ಅಭ್ಯರ್ಥಿಗೆ ಎಂದು ಹೇಳಿ ಮಾಯವಾದರು.

“ಅತ್ತೆ, ಇಷ್ಟನ್ನೂ ತಿಕ್ಕಿದ್ದು ನೀವೊಬ್ಬರೇನಾ?”

“ಮತ್ಯಾರು, ನಿನ್ನ ಗಂಡನಾ? ಅವನು ಕುಡಿದ ಕಾಫಿ ಲೋಟ ತೊಳೆದಿದ್ದು ಯಾವತ್ತಾದ್ರೂ ನೋಡಿದ್ದೀಯಾ?”

“ಬಿರುಕು ಎಲ್ಲಿ ಶುರುವಾಯ್ತು, ಹೇಗೆ ಹಬ್ಬಿತು, ಎಲ್ಲ ಆ ಮುರಿದ ಮುಖದಲ್ಲೇ ಇರುತ್ತೆ ಅತ್ತೆ. ಎಲ್ಲಾ ಅಳಿಸಿಬಿಟ್ಟಿದ್ದೀರಿ.” ಅವಳು ನೋಟ್‌ಬುಕ್ ತಿರುವಿದಳು. “ಇಲ್ಲಿ ಒಂಬತ್ತನೇ ನಂಬರ್ ಅಂತಿದೆ. ಡಬ್ಬೀಲಿ ಇಲ್ಲ. ನೋಡಿದ್ದೀರಾ?”

“ನಾನೇನು ಕಂಡೆ!” ಎಂದೆ. ಶುದ್ಧ ಸುಳ್ಳು.

ಒಂಬತ್ತನೇ ನಂಬರ್ ನನ್ನ ಟ್ರಂಕಿನ ತಳದಲ್ಲಿ, ಧಾರೆಸೀರೆಯ ಕೆಳಗಿತ್ತು. ಮದುವೆಯಾದ ಮೊದಲ ವಾರ, ಕ್ವಾರ್ಟರ್ಸಿನ ಬೇರೆ ಗಂಡಂದಿರೆಲ್ಲ ಮಲ್ಲಿಗೆ ದಂಡೆ ಹಿಡಿದು ಬರುವಾಗ ಇವರು ಮೇಲೆ ‘ನಂಬರ್ ಒಂಬತ್ತು’ ಎಂದು ಬರೆದಿದ್ದ ಎಣ್ಣೆಕಾಗದದ ಒಂದು ಪೊಟ್ಟಣ ನನ್ನ ಕೈಗಿಟ್ಟು, “ಇಟ್ಕೋ. ಚೆನ್ನಾಗಿ ಮುರಿದಿದೆ” ಎಂದಿದ್ದರು. ಹೊಸ ಹೆಂಡತಿಗೆ ಮುರಿದ ಕಬ್ಬಿಣ! ಬಿಚ್ಚದೆ ಟ್ರಂಕಿಗೆಸೆದೆ. ತಿಕ್ಕುವುದಕ್ಕೂ ಮನಸ್ಸು ಬಾರದಷ್ಟು ಸಿಟ್ಟು ನನ್ನ ಜೀವಮಾನದಲ್ಲಿ ಅದೊಂದೇ. ಇವರು ಹೋದ ಮೇಲೆ ಬಿಚ್ಚಲು ಧೈರ್ಯ ಬರಲಿಲ್ಲ. ಈಗ ಅದನ್ನು ಕೊಟ್ಟರೆ ಎಲ್ಲೋ ಲ್ಯಾಬಿನಲ್ಲಿ ಗರಗಸ ಹಾಕುತ್ತಾರೆ. ಕೊಡದಿದ್ದರೆ ಈ ಹುಡುಗಿ ಇನ್ನೂ ಆರು ವರ್ಷ ಅತಿಥಿಯಾಗಿಯೇ ಇರುತ್ತಾಳೆ, ಓರಗಿತ್ತಿ ಗ್ಯಾರೇಜ್ ಎನ್ನುತ್ತಲೇ ಇರುತ್ತಾಳೆ. ಮೂರು ದಿನ ಒದ್ದಾಡಿದೆ. ಸೋಮವಾರ ಬೆಳಗ್ಗೆ ಪೊಟ್ಟಣ ತಂದು ಅವಳ ಮುಂದೆ ಕುಕ್ಕಿದೆ. “ತಗೋ. ನನ್ನನ್ನ ಏನೂ ಕೇಳ್ಬೇಡ.”

ಅವಳು ಕೈಗವಸು ಹಾಕಿಕೊಂಡು ಮೆಲ್ಲಗೆ ಬಿಡಿಸಿದಳು. ತುಕ್ಕು ಹಿಡಿದಿರಲಿಲ್ಲ. ಒಂದು ತುಂಡಿನ ತುದಿ ಪುಟ್ಟ ಬಟ್ಟಲಿನಂತೆ ಗುಳಿಬಿದ್ದಿತ್ತು. ಇನ್ನೊಂದರ ತುದಿ ಆ ಬಟ್ಟಲಿಗೆ ಹೇಳಿ ಮಾಡಿಸಿದಂತೆ ಉಬ್ಬಿತ್ತು.

“ಒಳ್ಳೆ ಉಕ್ಕು ಹೀಗೇ ಮುರಿಯೋದು ಅತ್ತೆ. ಒಂದರೊಳಗೆ ಒಂದು ಸರಿಯಾಗಿ ಕೂರುತ್ತೆ ನೋಡಿ.”

ನೋಡಿದೆ. ನನಗರಿವಿಲ್ಲದೆ ಕೈ ಮುಂದೆ ಹೋಯಿತು, ಒಂದು ಸಲ ಕೂರಿಸಿ ನೋಡೋಣ ಎಂದು.

“ಅಯ್ಯೋ, ಜೋಡಿಸ್ಬೇಡಿ ಅತ್ತೆ! ಉಜ್ಜಿದ್ರೆ ಮುಖ ಹಾಳಾಗುತ್ತೆ!”

ಕೈ ಹಿಂದೆಗೆದು ಒಳಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಸಂಸಾರವಿಡೀ ಆ ಪೊಟ್ಟಣವನ್ನು ತಪ್ಪು ತಿಳಿದು ಕಳೆದಿದ್ದೆನಲ್ಲ, ಆ ಮನುಷ್ಯ ಇನ್ನೊಂದೇ ಒಂದು ವಾಕ್ಯ ಸೇರಿಸಿದ್ದರೆ ಗಂಟು ಹೋಗುತ್ತಿತ್ತೇ? ಹುಣಸೆಹಣ್ಣು ನೆನೆಹಾಕಿ ಡಬ್ಬಿಗೆ ಕೈಚಾಚಿದರೆ ಶೆಲ್ಫು ಖಾಲಿ. ಈ ಹುಡುಗಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಪಾತ್ರೆಗಳಿಗೆ ಈ ಸಿಟ್ಟನ್ನು ತಡೆಯುವ ಶಕ್ತಿಯಿರಲಿಲ್ಲ. ಗೋಡೆಯ ಮೇಲೆ ಇವರ ಫೋಟೋ, ಅದೇ ಬಾಯಿಬಿಡದ ಮುಖ. ಸಿಸ್ಟರ್ ನನ್ನನ್ನು ಕ್ಷಮಿಸಲಿ, ಮನೆ ಅದುರುವಂತೆ ಕೂಗಿದೆ: “ಒಂದ್ ಮಾತು ಬಾಯ್ಬಿಟ್ಟು ಹೇಳೋಕೆ ಏನಾಗಿತ್ರೀ ನಿಮಗೆ?”

ಹೊರಗೆ ಹಾಲ್‌ನಲ್ಲಿ, ಲ್ಯಾಪ್‌ಟಾಪಿನ ತೆರೆಯಲ್ಲಿ ಜೋಡಿಯನ್ನು ನೋಡಿದ ಪ್ರೊಫೆಸರು ಆಗಷ್ಟೇ, “ಸೀಟು ನಿಮ್ಮದೇಮ್ಮಾ, ಯಾವತ್ತು ಬಂದು ಸೇರ್ತೀರಿ?” ಎಂದಿದ್ದರಂತೆ. ನನ್ನ ಕೂಗಿಗೆ ಬೆಚ್ಚಿ, “ಏನದು ಶಬ್ದ?” ಎಂದು ಕೇಳಿದ್ದು ನನಗೇ ಕೇಳಿಸಿತು.

“ನಮ್ಮತ್ತೆ, ಸರ್.”

“ಪಾಲಿಶ್ ಮಾಡಿದವರಾ?”

“ಹೂಂ ಸರ್,” ಎಂದಳು ನಂದಿನಿ. “ಇವತ್ತು ಡಬ್ಬಿಗೆ ಬೀಗ ಹಾಕಿದ್ದೀನಿ, ಅದಕ್ಕೆ.”